ಪಂಪಾತೀರದ ಪ್ರಾಚೀನತೆ

ಹಂಪೆಗೆ ಸಕುಟುಂಬರಾಗಿ ಬರುವವರು ಅದನ್ನು ವಿಜಯನಗರದ ಅರಸರ ನಿರ್ಮಾಣವೆಂದೇ ಭಾವಿಸುವುದುಂಟು. ಆದರೆ ತುಂಗಭದ್ರೆಯ ಈ ದಡದ ಚರಿತ್ರೆ ಕ್ರಿ.ಶ. 1336ಕ್ಕಿಂತ ಬಹು ಹಿಂದಿನದು. ಊರ ಹೆಸರೇ ಇದಕ್ಕೆ ಸಾಕ್ಷಿ: ಪಕಾರವು ಹಕಾರವಾಗುವ ಕನ್ನಡದ ನಿಯಮದಂತೆ 'ಪಂಪೆ'ಯೇ 'ಹಂಪೆ'ಯಾಯಿತು. ಪಂಪೆಯು ಮೂಲತಃ ಸ್ಥಳೀಯ ದೇವತೆಯೆಂದೂ, ವಿರೂಪಾಕ್ಷನೊಡನೆ ಆಕೆಯ ವಿವಾಹವು ಅನಂತರದ ಕಲ್ಪನೆಯೆಂದೂ ವಿದ್ವಾಂಸರ ಅಭಿಪ್ರಾಯ. ಆ ಕಲ್ಯಾಣೋತ್ಸವವು ಇಂದಿಗೂ ಚೈತ್ರದಲ್ಲಿ ನಡೆಯುತ್ತದೆ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, 15–20 ಜನರನ್ನು ಹೊತ್ತು ತಿರುತಿರುಗುತ್ತ ಸಾಗುವ ಚರ್ಮದ ಹೊದಿಕೆಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. 1565ರಲ್ಲಿ ರಾಜಧಾನಿ ಹಾಳಾಯಿತು. ದೇವಿಯ ಹೆಸರೂ ಅಂಬಿಗರ ಹರಿಗೋಲೂ ಉಳಿದವು. ಆದುದರಿಂದ ಮಕ್ಕಳಿಗೆ ಅರಮನೆಯ ಅಡಿಪಾಯಗಳನ್ನು ತೋರಿಸುವವರು ನದೀತೀರವನ್ನೂ ತೋರಿಸತಕ್ಕದ್ದು. ಸಾಮ್ರಾಜ್ಯಕ್ಕೂ ಹಿಂದಿನ ಜನರ ಋಣವನ್ನು ಸ್ಮರಿಸಬೇಕಾದ ಸ್ಥಳ ಅದೇ.