ಛಾಯಾಗ್ರಾಹಕರಿಗೆ ಮ್ಯೂಸಿಯಂ ಪ್ರಶಸ್ತಿ: ಏನಿದು, ಕಲ್ಪತರು ನಾಡಿಗೆ ಯಾಕೆ ಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಫೋಟೊಗಳು ಸುದ್ದಿಯಲ್ಲಿ ಕಾಣಿಸೋದು ಹೆಚ್ಚಾಗಿ ಕೊಬ್ಬರಿ ಬೆಲೆ ಬಿದ್ದಾಗ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು, ಕ್ಯಾಮೆರಾಗಳು ಬಂದವು, ಹೋದವು. ಆದರೆ ಆ ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಒಣಗಬೇಕು. ಆ ಇಡೀ ವರ್ಷವನ್ನು ಚಿತ್ರಿಸೋಕೆ ದುಡ್ಡು ಕೊಡೋರು ಯಾರು? ಮ್ಯೂಸಿಯಂ ಪ್ರಶಸ್ತಿಗಳ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತೆ.

ಇವು ಎಂಥ ಪ್ರಶಸ್ತಿಗಳು?

ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಸಿಗೋದು ಒಂದು ಒಳ್ಳೆಯ ಚಿತ್ರಕ್ಕೆ. ಮ್ಯೂಸಿಯಂಗಳ ಪ್ರಶಸ್ತಿ, ಫೆಲೋಶಿಪ್‌ಗಳು ನೋಡೋದು ಒಂದು ಯೋಜನೆಯನ್ನು, ಅಂದರೆ ವರ್ಷಗಟ್ಟಲೆ ಬೆಳೆಯುವ ಚಿತ್ರಗಳ ಸರಣಿಯನ್ನು. ಅದು ಪತ್ರಿಕೆಗೂ ಹೊಂದದೆ, ಮದುವೆ ಆಲ್ಬಮ್‌ಗೂ ಹೊಂದದೆ ಇರಬಹುದು. ಮಾರುಕಟ್ಟೆ ಕೊಡದ ಸಮಯವನ್ನು ಕಲಾವಿದರಿಗೆ ಕೊಡೋದೇ ಇವುಗಳ ಕೆಲಸ.

ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಕೊಡುವ ರಾಬರ್ಟ್ ಗಾರ್ಡ್ನರ್ ಫೆಲೋಶಿಪ್ 2008ರಲ್ಲಿ ದಯಾನಿತಾ ಸಿಂಗ್ ಅವರಿಗೆ ಸಿಕ್ಕಿತು. 2011ರಲ್ಲಿ ಕೆನಡಾದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದ ಗ್ರೇಂಜ್ ಪ್ರಶಸ್ತಿ ಗೌರಿ ಗಿಲ್ ಅವರಿಗೆ ಬಂತು. ಗಿಲ್ 1999ರಿಂದಲೂ ರಾಜಸ್ಥಾನದ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ಚಿತ್ರ ತೆಗೆದವರು. ಒಂದು ದಿನದ ಸುದ್ದಿಗೆ ಹೋಗಿ ಬರೋರಿಗೆ ಅಂಥ ಕೆಲಸ ಆಗೋದಿಲ್ಲ.

ಕರ್ನಾಟಕದಲ್ಲಿ ಏನಿದೆ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, ಅಂದರೆ ಮ್ಯಾಪ್, ಖಾಸಗಿ ಸಂಸ್ಥೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳ ಪ್ರದರ್ಶನ ಅಲ್ಲಿ ನಡೆದಿದೆ.

ಹೊಸ ಪ್ರಯೋಗಗಳಿಗೆ ನಮ್ಮಲ್ಲಿ ಹೆಗಲು ಕೊಟ್ಟವರಲ್ಲಿ ಮ್ಯೂಸಿಯಂ ಅಲ್ಲದ ಸಂಸ್ಥೆಗಳೂ ಇವೆ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಪುಷ್ಪಮಾಲಾ ಎನ್. ಮತ್ತು ಕ್ಲೇರ್ ಆರ್ನಿ ಅವರ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಯೋಜನೆಗೆ (2000–2004) ನೆರವು ಕೊಟ್ಟಿತು. ಪುಷ್ಪಮಾಲಾ ತಾವೇ ವೇಷ ಹಾಕಿ, ದಕ್ಷಿಣ ಭಾರತದ ಹೆಣ್ಣನ್ನು ಕ್ಯಾಲೆಂಡರ್, ಸಿನಿಮಾ, ವಸಾಹತುಶಾಹಿ ಕ್ಯಾಮೆರಾಗಳು ಹೇಗೆ ತೋರಿಸಿವೆ ಅಂತ ಪ್ರಶ್ನಿಸಿದ ಸರಣಿ ಅದು. ಟೋಟೋ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ 30 ದಾಟದ ಯುವ ಛಾಯಾಗ್ರಾಹಕರಿಗೂ ಕನ್ನಡ ಬರಹಗಾರರಿಗೂ ಪ್ರಶಸ್ತಿ ಕೊಡುತ್ತೆ.

ತಡೆ ಎಲ್ಲಿದೆ?

ಇಂಥ ಬಹುತೇಕ ಅರ್ಜಿಗಳು ಕೇಳೋದು ಎರಡು: ಚಿತ್ರಗಳ ಸಂಪುಟ, ಮತ್ತು 'ನನ್ನ ಯೋಜನೆ ಇದು' ಅಂತ ವಿವರಿಸುವ ಬರಹ. ತಿಪಟೂರಿನ ಸ್ಟುಡಿಯೊ ಹುಡುಗನಿಗೆ ಲೈಟಿಂಗ್ ಗೊತ್ತು, ಊರು ಗೊತ್ತು. ಎಡವೋದು ಇಂಗ್ಲಿಷ್ ಬರಹದ ಹತ್ತಿರ. ಹೀಗಾಗಿ ಹಳ್ಳಿಯ ಚಿತ್ರ ತೆಗೆಯೋ ಅವಕಾಶ ಹಲವು ಸಲ ನಗರದವರ ಪಾಲಾಗುತ್ತೆ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೂ ಪ್ರಸ್ತಾವ ತಗೊಳ್ಳುತ್ತೆ ಅನ್ನೋದು ಇಲ್ಲಿ ನೆನಪಿಡಬೇಕಾದ ಮಾತು. ಕನ್ನಡದಲ್ಲೇ ಬರೆದು ಕಳಿಸಬಹುದು.

ಯಾಕೆ ಮುಖ್ಯ?

ಕಾಯಿ ಸುಲಿಯುವವರ ಕೈ, ಅಟ್ಟದ ಕತ್ತಲು, ಹೇಮಾವತಿ ನಾಲೆಯ ನೀರಿಗೆ ಕಾಯೋ ತೋಟ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೆ ಆದ ಗಾಯ: ಇವೆಲ್ಲ ಒಂದು ಸಂಜೆಯಲ್ಲಿ ಕ್ಲಿಕ್ಕಿಸಿ ಮುಗಿಸುವ ವಿಷಯಗಳಲ್ಲ. ನಾಳೆ ಬೆಲೆಯ ಬಗ್ಗೆ, ನೀರಿನ ಬಗ್ಗೆ ವಾದ ಮಾಡುವಾಗ ಈ ದಾಖಲೆಗಳೇ ಸಾಕ್ಷಿ. ಅವುಗಳನ್ನು ಊರಿನವರೇ ಮಾಡಬೇಕು ಅಂದ್ರೆ ಕನ್ನಡದಲ್ಲಿ ಅರ್ಜಿ, ಜಿಲ್ಲೆಗಳಲ್ಲಿ ಕಾರ್ಯಾಗಾರ, ಒಂದು ವರ್ಷದ ಜೀವನ ನಡೆಯುವಷ್ಟು ನೆರವು ಬೇಕು. ಖಾಸಗಿ ಮ್ಯೂಸಿಯಂಗಳನ್ನೂ, ನಮ್ಮ ತೆರಿಗೆಯಲ್ಲಿ ನಡೆಯುವ ಅಕಾಡೆಮಿಗಳನ್ನೂ ಯುವಜನರು ಕೇಳಬೇಕಾಗಿರೋದು ಇದನ್ನೇ.