ವಾರ್ಸಾದ ಧಾರಣೆಯ ಪತ್ರಿಕೆ

ಷೇರುಪೇಟೆಯ ಸುದ್ದಿಗೇ ಮೀಸಲಾದ 'ಪಾರ್ಕಿಯೆಟ್' ಎಂಬ ದಿನಪತ್ರಿಕೆ ಪೋಲೆಂಡಿನಲ್ಲಿ ಹುಟ್ಟಿದ್ದು 1994ರಲ್ಲಿ. ಅದರ ಹುಟ್ಟಿನ ಮಹತ್ತ್ವವನ್ನು ಅರಿಯಬೇಕಾದರೆ, ಅಲ್ಲಿಯ ಜನ ಐವತ್ತು ವರ್ಷಗಳಿಗೂ ಮೀರಿದ ಕಾಲವನ್ನು ಷೇರಿನ ಧಾರಣೆಯೆಂಬುದನ್ನೇ ಕಾಣದೆ ಕಳೆದರೆಂಬ ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ವ್ಯಾಪಾರವೇನೂ ಅವರಿಗೆ ಅಪರಿಚಿತವಾಗಿರಲಿಲ್ಲ. ರಷ್ಯದ ಚಕ್ರವರ್ತಿಯೇ ಪೋಲೆಂಡಿನ ಅರಸನೂ ಆಗಿದ್ದ ಕಾಲದಲ್ಲಿ, 1817ರ ಮೇ ತಿಂಗಳಲ್ಲಿ, ವಾರ್ಸಾದ ವಿನಿಮಯಕೇಂದ್ರ ತೆರೆಯಿತು. ಮೊದಲನೆಯ ಮಹಾಯುದ್ಧದ ತರುವಾಯ ಸ್ವತಂತ್ರವಾದ ದೇಶದಲ್ಲಿ ಕ್ರಾಕೂಫ್, ಪೊಜ್ನಾನ್ ಮೊದಲಾದ ನಗರಗಳಲ್ಲಿಯೂ ಇಂಥ ಕೇಂದ್ರಗಳಿದ್ದರೂ, ವಹಿವಾಟಿನ ಬಹುಪಾಲು ರಾಜಧಾನಿಯಲ್ಲಿಯೇ ನಡೆಯುತ್ತಿದ್ದಿತು. ಅಲ್ಲಿಯ ಧಾರಣೆಗಳು 'ತ್ಸೆದೂವಾ' ಎಂಬ ಅಧಿಕೃತ ಪಟ್ಟಿಯಲ್ಲಿ ಅಚ್ಚಾಗುತ್ತಿದ್ದುವು. 1939ರಲ್ಲಿ ಯುದ್ಧ ಬಂದೊಡನೆ ಕೇಂದ್ರ ಮುಚ್ಚಿತು. ಯುದ್ಧ ಮುಗಿದ ಮೇಲೆ ಉದ್ಯಮಗಳು ರಾಜ್ಯದ ವಶವಾಗಿ, ಬೆಲೆಯನ್ನು ಸರ್ಕಾರವೇ ನಿಶ್ಚಯಿಸುವ ವ್ಯವಸ್ಥೆ ನೆಲೆಗೊಂಡುದರಿಂದ, ಅದು ಮತ್ತೆ ತೆರೆಯಲು ಅವಕಾಶವೇ ಒದಗಲಿಲ್ಲ. ಪತ್ರಿಕೆಗಳಲ್ಲಿ ಕೈಗಾರಿಕೆಯ ಸುದ್ದಿಗೆ ಕೊರತೆಯಿರಲಿಲ್ಲ. ಆದರೆ ಮಿಸಿಯಾ ಬೀದಿಯ ಸೆನ್ಸಾರ್ ಕಚೇರಿಯ ಒಪ್ಪಿಗೆ ಪಡೆದು ಬಂದ ಆ ಸುದ್ದಿಯನ್ನು ನಂಬಿ ಕಾರ್ಖಾನೆಯೊಂದರ ನಿಜವಾದ ಸ್ಥಿತಿಯನ್ನು ಓದುಗನು ಅಳೆಯುವಂತಿರಲಿಲ್ಲ. ಆ ಕಚೇರಿ 1990ರಲ್ಲಿ ರದ್ದಾಯಿತು. ಮರುವರ್ಷವೇ ಷೇರುಪೇಟೆ ತೆರೆಯಿತು. ಇವೆರಡನ್ನು ಕಾಕತಾಳೀಯವೆಂದು ನಾನು ಭಾವಿಸಲಾರೆ. ನಿಜವನ್ನು ಅಚ್ಚುಹಾಕಲಾಗದ ನಾಡಿನಲ್ಲಿ ನಂಬತಕ್ಕ ಧಾರಣೆ ಹುಟ್ಟುವುದಾದರೂ ಹೇಗೆ?

1991ರ ಏಪ್ರಿಲ್ 16, ಮಂಗಳವಾರ, ಮೊದಲ ವಹಿವಾಟು ನಡೆದದ್ದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಹಿಂದೆ ಕುಳಿತು ದೇಶವನ್ನಾಳಿದ್ದ ಭವನದಲ್ಲಿ. ಧ್ವನಿವರ್ಧಕ, ಉಡುಪು, ಗಾಜು, ಕೇಬಲ್ ಇವನ್ನು ತಯಾರಿಸುವ ನಾಲ್ಕು ಕಾರ್ಖಾನೆಗಳೂ ಕಟ್ಟಡ ಕಟ್ಟುವ ಒಂದು ಸಂಸ್ಥೆಯೂ ಸೇರಿ ಕಂಪೆನಿಗಳು ಐದೇ. ಬಂದ ಆದೇಶಗಳು 112. ವಹಿವಾಟಿನ ಮೊತ್ತ ಇಂದಿನ ನಾಣ್ಯದ ಲೆಕ್ಕದಲ್ಲಿ 1,990 ಝ್ಲೋಟಿ. ಫ್ರೆಂಚರ ನೆರವಿನಿಂದ ರೂಪಿಸಿದ ಪದ್ಧತಿ ಸರಳವಾಗಿದ್ದಿತು: ಕೊಳ್ಳುವವರ ಮತ್ತು ಮಾರುವವರ ಆದೇಶಗಳನ್ನೆಲ್ಲ ಒಟ್ಟುಗೂಡಿಸಿ, ಅತ್ಯಧಿಕ ಷೇರುಗಳು ಕೈಬದಲಾಗುವಂಥ ಒಂದೇ ಧಾರಣೆಯನ್ನು ಆ ದಿನಕ್ಕೆ ಗೊತ್ತುಮಾಡುವುದು, ಹಿಂದಿನ ಧಾರಣೆಗಿಂತ ಶೇಕಡಾ 10ನ್ನು ಮೀರಿ ಅದು ಏರದಂತೆಯೂ ಇಳಿಯದಂತೆಯೂ ಕಾಯುವುದು. ಈ ಪದ್ಧತಿಯಲ್ಲಿ ಅಚ್ಚಿನ ಪತ್ರಿಕೆಗೆ ಒಂದು ಅಪೂರ್ವ ಗೌರವವಿದ್ದಿತು. ಗೊತ್ತಾದ ಧಾರಣೆ ಮುಂದಿನ ವಹಿವಾಟಿನವರೆಗೂ ಬದಲಾಗುವಂತಿಲ್ಲವಾದುದರಿಂದ, ದೂರದ ಊರಿನ ಶಾಲಾ ಉಪಾಧ್ಯಾಯನು ಮರುದಿನ ಬೆಳಗ್ಗೆ ಓದಿದ ಅಂಕಿ, ರಾಜಧಾನಿಯ ದಲ್ಲಾಳಿ ಬಲ್ಲ ಅಂಕಿಗಿಂತ ಎಳ್ಳಷ್ಟೂ ಹಳತಾಗಿರುತ್ತಿರಲಿಲ್ಲ.

ಆದರೆ ಧಾರಣೆ ತಿಳಿದ ಮಾತ್ರಕ್ಕೆ ನ್ಯಾಯ ದೊರೆತಂತಾಗುವುದಿಲ್ಲವೆಂಬುದನ್ನು ಜನ ಬಹುಬೇಗ, ಬಹು ಕಹಿಯಾಗಿ ಕಲಿತರು. 1993ರ ಒಂದೇ ವರ್ಷದಲ್ಲಿ ಪೇಟೆಯ ಸೂಚ್ಯಂಕ ಸುಮಾರು ಹನ್ನೆರಡು ಪಟ್ಟು ಬೆಳೆಯಲು, ಷೇರು ಕೊಳ್ಳುವ ಹಂಬಲ ನಾಡಿಗೆ ನಾಡನ್ನೇ ಹಿಡಿಯಿತು. ಸರ್ಕಾರ ಶ್ಲೋಂಸ್ಕಿ ಬ್ಯಾಂಕಿನ ಷೇರುಗಳನ್ನು ಅಂದಿನ ಹಳೆಯ ನಾಣ್ಯದಲ್ಲಿ ತಲಾ 5 ಲಕ್ಷ ಝ್ಲೋಟಿಗೆ ಮಾರಿದಾಗ ಸಾಮಾನ್ಯರು ಸಾಲುಗಟ್ಟಿ ನಿಂತು ಕೊಂಡರು. 1994ರ ಜನವರಿ 25ರಂದು ಆ ಷೇರು ಪೇಟೆಗೆ ಬಂದಾಗ ಅದರ ಧಾರಣೆ 67.5 ಲಕ್ಷ! ಆದರೆ ಕೊಂಡವರಲ್ಲಿ ಅನೇಕರ ಷೇರುಗಳು ಇನ್ನೂ ಅವರ ಖಾತೆಗೆ ದಾಖಲಾಗಿರಲಿಲ್ಲವಾದ ಕಾರಣ, ಕೈಯಲ್ಲಿದ್ದೂ ಇಲ್ಲದಂತೆ, ಅವರು ಆ ಬೆಲೆಯನ್ನು ನೋಡುತ್ತ ನಿಲ್ಲಬೇಕಾಯಿತು. ದಾಖಲಾಗಿದ್ದವರು ಮಾರಿ ಲಾಭ ಪಡೆದರು. ಹಣಕಾಸಿನ ಉಪಮಂತ್ರಿಯನ್ನು ಪ್ರಧಾನಿ ಪದಚ್ಯುತಗೊಳಿಸಿದರು. ಮಂತ್ರಿ ಮಾರೆಕ್ ಬೊರೊವ್ಸ್ಕಿ ರಾಜೀನಾಮೆ ಕೊಟ್ಟರು. ಮಾರ್ಚ್ 8ರಂದು 20,760ಕ್ಕೆ ಏರಿದ್ದ ಸೂಚ್ಯಂಕ ವರ್ಷಾಂತ್ಯಕ್ಕೆ 7,500ಕ್ಕೂ ಕೆಳಗಿಳಿಯಿತು. ಕುಟುಂಬದ ಉಳಿತಾಯವನ್ನು ಕೊನೆಯಲ್ಲಿ ತಂದು ಸುರಿದವರೇ ಇದರಲ್ಲಿ ಹೆಚ್ಚು ನೊಂದವರು.

'ಪಾರ್ಕಿಯೆಟ್' ಹುಟ್ಟಿದ್ದು ಇಂಥ ವರ್ಷದಲ್ಲಿ. ಆರಂಭದಲ್ಲಿ ವಾರಕ್ಕೊಂದಾಗಿದ್ದ ವಹಿವಾಟು ಅದೇ ವರ್ಷ ವಾರಕ್ಕೆ ಐದು ದಿನವಾಯಿತು. ನಿತ್ಯ ನಡೆಯುವ ಪೇಟೆಗೆ ನಿತ್ಯ ಬರುವ ಪತ್ರಿಕೆ ಬೇಕಾಗುವುದು ಸಹಜವೇ. ಧಾರಣೆಯ ಕೋಷ್ಟಕ, ಕಂಪೆನಿಗಳ ಲಾಭನಷ್ಟದ ವರದಿ, ಹೊಸ ಷೇರುಗಳ ವಿಮರ್ಶೆ ಇವೇ ಅದರ ಬಂಡವಾಳ. ಅಂದಿನ ಕೋಷ್ಟಕಗಳಲ್ಲಿ ಧಾರಣೆಯ ಪಕ್ಕದಲ್ಲಿರುತ್ತಿದ್ದ ಎರಡಕ್ಷರದ ಸಂಕೇತವು, ಆ ದಿನ ಕೊಳ್ಳುವವರು ಹೆಚ್ಚಾಗಿದ್ದರೋ ಮಾರುವವರು ಹೆಚ್ಚಾಗಿದ್ದರೋ, ಆದೇಶಗಳನ್ನು ಕಡಿತಗೊಳಿಸಲಾಯಿತೋ ಎಂಬುದನ್ನು ಸೂಚಿಸುತ್ತಿದ್ದಿತು. ನೋಡುವವರಿಗೆ ಶುಷ್ಕವಾದ ಈ ಅಂಕಿಗಳನ್ನು ನಾನು ಪ್ರಜಾಶಿಕ್ಷಣದ ಪಾಠವೆಂದೇ ಎಣಿಸುತ್ತೇನೆ. ಒಡೆಯನ ಹಕ್ಕು ಕಾಗದದ ಮೇಲೆ ಸಿಕ್ಕಿದ್ದ ಜನಕ್ಕೆ ಒಡೆಯನು ಕೇಳಬೇಕಾದ ಪ್ರಶ್ನೆಗಳು ಯಾವುವೆಂದು ತಿಳಿಸಿದ ಪಾಠ ಅದು.

1997ರಲ್ಲಿ ಸ್ವೀಡನ್ನಿನ ಬೊನಿಯರ್ ಸಂಸ್ಥೆಯ 'ಪುಲ್ಸ್ ಬಿಜ್ನೆಸು' ಪತ್ರಿಕೆ ಪ್ರತಿಸ್ಪರ್ಧಿಯಾಗಿ ಬಂದಿತು. ಆದರೆ ಅದಕ್ಕಿಂತ ದೊಡ್ಡ ಪಲ್ಲಟ ಪೇಟೆಯೊಳಗೇ ನಡೆದಿದ್ದಿತು. 1996ರಿಂದ ಕೆಲವು ಷೇರುಗಳ ಧಾರಣೆ ಎಡೆಬಿಡದೆ ಬದಲಾಗತೊಡಗಿ, 2000ದ ನವೆಂಬರಿನಲ್ಲಿ ಹೊಸ ಗಣಕವ್ಯವಸ್ಥೆ ಬಂದ ಮೇಲೆ, ಪತ್ರಿಕೆ ಅಚ್ಚಾಗುವ ಹೊತ್ತಿಗೆ ಅದರ ಅಂಕಿ ಹಳತಾಗತೊಡಗಿತು. ಪರದೆಯ ಮುಂದೆ ಕುಳಿತವನಿಗೂ ಬೆಳಗಿನ ಓದುಗನಿಗೂ ಇದ್ದ ಸಮಾನತೆ ಹೋಯಿತು. ಮುಂದೆ 'ಜೆಚ್‌ಪೊಸ್ಪೊಲಿತಾ' ದಿನಪತ್ರಿಕೆಯ ಪ್ರಕಾಶಕರ ಆಶ್ರಯಕ್ಕೆ ಬಂದ 'ಪಾರ್ಕಿಯೆಟ್' ಕಂಪೆನಿಗಳ ಪರಿಶೀಲನೆಯನ್ನೇ ತನ್ನ ಮುಖ್ಯ ಕಾರ್ಯವಾಗಿ ಮಾಡಿಕೊಂಡಿದೆ. ಅಂಕಿಯನ್ನು ಯಂತ್ರ ಬೇಗ ತಲುಪಿಸಬಹುದು. ಆ ಅಂಕಿಯ ಹಿಂದಿನ ಲೆಕ್ಕವನ್ನು ಸಂಶಯಿಸಿ ಓದುವ ಕೆಲಸ ಈಗಲೂ ಪತ್ರಕರ್ತನ ಪಾಲಿಗೇ ಉಳಿದಿದೆ.