ಅಂಬಾಸಿಡರ್ ಮತ್ತು ಮಾರುತಿ ೮೦೦: ಹಳತು-ಹೊಸತುಗಳ ವಿವೇಚನೆ

ಭಾರತದ ಮೋಟಾರು ಉದ್ಯಮದ ಇತಿಹಾಸವನ್ನು ಹೇಳುವಾಗ ಅಂಬಾಸಿಡರ್ ಕಾರನ್ನು ಹಳೆಯ ಯುಗಕ್ಕೂ ಮಾರುತಿ ೮೦೦ ಕಾರನ್ನು ಹೊಸ ಯುಗಕ್ಕೂ ಪ್ರತೀಕವಾಗಿ ನಿಲ್ಲಿಸುವುದು ವಾಡಿಕೆ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಬೀದಿಗಿಳಿದಂದು ಯಂತ್ರಜ್ಞಾನವೇ ಒಂದು ತಲೆಮಾರಿನಷ್ಟು ಮುಂದೆ ಸಾಗಿತೆಂಬುದು ಅದರ ಇಂಗಿತ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸಬೇಕಾಗಿದೆ.

ರಚನೆಯಲ್ಲಿ ಭೇದವೇನೋ ದೊಡ್ಡದೇ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಸಂತತಿ. ಅದರ ಎಂಜಿನು ಮುಂಭಾಗದಲ್ಲಿ ಉದ್ದವಾಗಿ ಕುಳಿತು, ಕಾರಿನ ತಳದಲ್ಲಿ ಹಾಯ್ದ ನೀಳವಾದ ದಂಡದ ಮೂಲಕ ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಮಾರುತಿಯಲ್ಲಾದರೋ ೭೯೬ ಘನ ಸೆಂಟಿಮೀಟರಿನ, ಮೂರು ಸಿಲಿಂಡರುಗಳ ಪುಟ್ಟ ಎಂಜಿನು ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ನಡೆಸುತ್ತಿತ್ತು. ದಂಡವಿಲ್ಲದ್ದರಿಂದ ತೂಕ ಕಡಿಮೆ. ಒಡಲು ಚಿಕ್ಕದಾದರೂ ನಾಲ್ವರಿಗೆ ಎಡೆಯುಂಟು. ಪೆಟ್ರೋಲಿನ ಉಳಿತಾಯವೂ ಉಂಟು. ಆದರೆ ಅಂಬಾಸಿಡರನ್ನು ಸಣ್ಣ ಊರಿನ ಮೆಕ್ಯಾನಿಕ್ಕನೂ ಬಿಚ್ಚಿ ಕೂಡಿಸಬಲ್ಲವನಾಗಿದ್ದನೆಂಬುದನ್ನು ಮರೆಯಲಾಗದು.

ಈ ಅಡ್ಡ ಎಂಜಿನಿನ ವಿನ್ಯಾಸ ೧೯೮೩ರದಲ್ಲ. ಅದನ್ನು ಲೋಕಪ್ರಸಿದ್ಧಗೊಳಿಸಿದುದು ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು; ಅದು ಹೊರಬಂದುದು ೧೯೫೯ರಲ್ಲಿ. ಅದನ್ನು ತಯಾರಿಸಿದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನೇ ಮಾರಿಸ್ ಆಕ್ಸ್‌ಫರ್ಡಿನ ತಯಾರಕ ಸಂಸ್ಥೆಯೂ ಆಗಿತ್ತು! ಮೂರನೆಯ ಶ್ರೇಣಿಗೆ ಅಲ್ಲಿ ಮುಕ್ತಾಯವಾದುದೂ ಅದೇ ವರ್ಷ. ಎಂದರೆ, 'ಹೊಸ' ವಿನ್ಯಾಸ ಲೋಕಕ್ಕೆ ಪರಿಚಿತವಾದಾಗ ಅಂಬಾಸಿಡರ್ ಇನ್ನೂ ಹಸುಗೂಸು.

ಇಪ್ಪತ್ತನಾಲ್ಕು ವರ್ಷಗಳ ಈ ಅಂತರಕ್ಕೆ ಕಾರಣವನ್ನು ಯಂತ್ರಶಾಲೆಯಲ್ಲಿ ಹುಡುಕುವುದಕ್ಕಿಂತ ಸರ್ಕಾರದ ಕಡತಗಳಲ್ಲಿ ಹುಡುಕುವುದು ಲೇಸು. ೧೯೫೧ರ ಕೈಗಾರಿಕಾ ಕಾಯಿದೆಯ ಮೇರೆಗೆ ಕಾರ್ಖಾನೆಯ ಸ್ಥಾಪನೆಗೂ ವಿಸ್ತರಣೆಗೂ ಪರವಾನೆ ಬೇಕಾಗಿತ್ತು. ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿತ್ತು. ಹಿಂದೂಸ್ಥಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಮೂರೇ ಸಂಸ್ಥೆಗಳ ಮುಂದೆ ಗ್ರಾಹಕರು ವರ್ಷಗಟ್ಟಲೆ ಕಾದಿರುತ್ತಿದ್ದರು. ಕಾದು ಕೊಳ್ಳುವವರಿರುವಾಗ ಅಚ್ಚನ್ನು ಬದಲಿಸುವ ತಯಾರಕನುಂಟೆ? ಮಾರುತಿ ಸಂಸ್ಥೆಯಲ್ಲಿ ಆರಂಭದಲ್ಲಿ ಸರ್ಕಾರದ್ದೇ ಬಹುಪಾಲು ಒಡೆತನ. ಬಾಗಿಲು ಮುಚ್ಚಿದವರೇ ತೆರೆದರೆಂಬುದು ಇಲ್ಲಿಯ ಸ್ವಾರಸ್ಯ.

ಹಾಗೆಂದು ಪರವಾನೆಯೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ೧೯೯೩ರಲ್ಲಿ ಕಾರು ತಯಾರಿಕೆಯ ಪರವಾನೆ ರದ್ದಾಯಿತು. ಆ ಬಳಿಕವೂ ಮಾರುತಿ ೮೦೦, ೧೯೮೬ರಲ್ಲಿ ತಳೆದ ರೂಪವನ್ನೇ ಅಲ್ಪಸ್ವಲ್ಪ ಮಾರ್ಪಾಟುಗಳೊಡನೆ ಉಳಿಸಿಕೊಂಡಿತು. ಅಗ್ಗದ ಬೆಲೆಗೆ ಅದನ್ನು ಕೊಳ್ಳುವವರಿದ್ದರು. ಇತ್ತ ಹಳತೆನ್ನಿಸಿಕೊಂಡ ಅಂಬಾಸಿಡರಿನಲ್ಲಿ ಜಪಾನಿನ ಇಸುಜು ವಿನ್ಯಾಸದ ಎಂಜಿನು ಸೇರಿತ್ತು. ಮಾರುತಿ ೮೦೦ರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು, ಅಂಬಾಸಿಡರಿನದು ಅದೇ ವರ್ಷದ ಮೇ ತಿಂಗಳಲ್ಲಿ.